ಅತ್ತಿಗೆ ಕನ್ನಡಕ ಹಾಕಿಕೊಂಡ ವಾರ

ನನ್ನದು ಅಲಂಕಾರದ ಸಾಮಾನಿನ ಅಂಗಡಿ. ಹನ್ನೊಂದು ಅಡಿ ಅಗಲ, ಮೂವತ್ತು ಅಡಿ ಉದ್ದ. ಒಳಗೆ ಕಾಲಿಟ್ಟವರು ಬರಿಗೈಯಲ್ಲಿ ಹೊರಗೆ ಹೋಗಬೇಕಾದರೆ ನಮ್ಮ ಮನೆಯ ಮೂವರ ಕಣ್ಣು ತಪ್ಪಿಸಬೇಕು. ಬಾಗಿಲ ಬಲಗಡೆ ನಾನು ಕೂರುತ್ತೇನೆ. ಎಡಗಡೆ, ಬೆಳಕು ಬೀಳುವ ಕಡೆ, ಪುಟ್ಟ ಮೇಜಿನ ಮುಂದೆ ನನ್ನ ಅಣ್ಣ ಗಡಿಯಾರ ರಿಪೇರಿ ಮಾಡುತ್ತ ಕೂರುತ್ತಾನೆ. ಅವನ ಬಲಗಣ್ಣಿಗೆ ಸದಾ ಒಂದು ಕರಿ ಡಬ್ಬಿ ಸಿಕ್ಕಿಸಿರುತ್ತದೆ. ಅದರ ತುದಿಯಲ್ಲಿ ಭೂತಗನ್ನಡಿ. ನಡುವೆ, ಉದ್ದನೆಯ ಗಾಜಿನ ಕಪಾಟಿನ ಹಿಂದೆ, ಎತ್ತರದ ಸ್ಟೂಲಿನ ಮೇಲೆ ಅಣ್ಣನ ಹೆಂಡತಿ, ನನ್ನ ಅತ್ತಿಗೆ. ಮೂವರ ಕಣ್ಣು ಎಂದೆನಲ್ಲ, ನಿಜ ಹೇಳಬೇಕೆಂದರೆ ಕೆಲಸಕ್ಕೆ ಬರುವ ಕಣ್ಣು ನನ್ನವೆರಡೇ. ಅಣ್ಣನಿಗೆ ಎರಡು ಅಂಗುಲದಾಚೆ ಏನೂ ಕಾಣುವುದಿಲ್ಲ, ಡಬ್ಬಿಯ ದೆಸೆಯಿಂದ. ಅತ್ತಿಗೆಗೆ ಒಂದು ಗೇಣಿನಾಚೆ ಏನೂ ಕಾಣುತ್ತಿರಲಿಲ್ಲ, ಹಟದ ದೆಸೆಯಿಂದ.

ಅತ್ತಿಗೆಯ ಕಣ್ಣಿನ ನಂಬರು ಮೈನಸ್ ಆರು. ಕನ್ನಡಕ ಇತ್ತು, ಸ್ಟೂಲಿನ ಪಕ್ಕದ ಡ್ರಾಯರಿನಲ್ಲಿ, ಹಳೆಯ ರಬ್ಬರ್ ಬ್ಯಾಂಡುಗಳ ಅಡಿಯಲ್ಲಿ, ಇಪ್ಪತ್ತೆರಡು ವರ್ಷದಿಂದ. ಹಾಕಿಕೊಂಡವರಲ್ಲ. ಬೆಳಿಗ್ಗೆ ಅಂಗಡಿಗೆ ಬಂದವರೇ ಪಕ್ಕದ ಬಟ್ಟೆಯಂಗಡಿಯವರು ಬಾಗಿಲಲ್ಲಿ ನಿಲ್ಲಿಸಿದ ಬೊಂಬೆಗೆ "ಬೇಗ ಬಂದ್ಬಿಟ್ರಲ್ಲ" ಎನ್ನುತ್ತಿದ್ದರು. ಗೂಟಕ್ಕೆ ನೇತುಹಾಕಿದ ನನ್ನ ಕೋಟಿಗೆ "ಅಲ್ಲೇ ನಿಂತಿದ್ದೀಯಲ್ಲ, ಆ ಫ್ಯಾನ್ ಹಾಕಬಾರದಾ?" ಎಂದು ಬೈದದ್ದುಂಟು. ಕೋಟು ಉತ್ತರ ಕೊಡದಿದ್ದಾಗ, "ಇವನಿಗೆ ಕೊಬ್ಬು" ಎಂದು ತಾವೇ ಎದ್ದು ಫ್ಯಾನ್ ಹಾಕಿಕೊಂಡಿದ್ದರು.

ನನಗೆ ಮಾತ್ರವಲ್ಲ, ಇಡೀ ಬೀದಿಗೇ ಅವರು ಅತ್ತಿಗೆ. ಅವರಿಗಿಂತ ಹತ್ತು ವರ್ಷ ದೊಡ್ಡವನಾದ ಎದುರಿನ ಕನ್ನಡಕದಂಗಡಿಯವನೂ ಹಾಗೆಯೇ ಕರೆಯುತ್ತಿದ್ದ, ಹಾಗೆ ಕರೆದಾದರೂ ಒಂದು ದಿನ ಗಿರಾಕಿಯಾಗಿ ಬರುತ್ತಾರೇನೋ ಎಂಬ ಆಸೆಯಿಂದ.

ಇಂಥವರನ್ನು ಮುಖಾಲಂಕಾರದ ಸ್ಟೂಲಿನ ಮೇಲೆ ಹೇಗೆ ಕೂರಿಸಿಕೊಂಡಿದ್ದೆ ಎಂದು ನೀವು ಕೇಳಬಹುದು. ಮಾರಾಟವಾಗುತ್ತಿತ್ತು, ಅದಕ್ಕೆ ಕೂರಿಸಿಕೊಂಡಿದ್ದೆ. ಅತ್ತಿಗೆಯ ಕೈಯಲ್ಲಿ ಏನೋ ಇತ್ತು. ಹೆಂಗಸರು ಬಂದು ಎದುರಿನ ಕುರ್ಚಿಯಲ್ಲಿ ಕೂತು ಗಲ್ಲ ಮುಂದೆ ಚಾಚಿದರೆ, ಅತ್ತಿಗೆ ಮೂಗಿಗೆ ಮೂಗು ತಾಗುವಷ್ಟು ಬಾಗಿ, ಉಸಿರು ಬಿಗಿಹಿಡಿದು, ಕಣ್ಣಿನಂಚಿಗೆ ಒಂದೇ ಎಳೆತದಲ್ಲಿ ಗೆರೆ ಎಳೆಯುತ್ತಿದ್ದರು. ಲಿಪ್‌ಸ್ಟಿಕ್ಕಿನ ಬಣ್ಣಗಳನ್ನು ತಟ್ಟೆಯಲ್ಲಿ ಇಟ್ಟ ಜಾಗದಿಂದಲೇ ಹೇಳುತ್ತಿದ್ದರು. ಒಮ್ಮೆ ನಾನು ಧೂಳು ಒರೆಸಲು ಹೋಗಿ ತಟ್ಟೆ ತಿರುಗಿಸಿಟ್ಟ ದಿನ, ತಿಳಿ ಗುಲಾಬಿ ಕೇಳಿದ ನರ್ಸಮ್ಮ ನೇರಳೆ ತುಟಿಯಲ್ಲಿ ಆಸ್ಪತ್ರೆಗೆ ಹೋದರು. ಅಲ್ಲಿ ಅವರನ್ನೇ ಹಾಸಿಗೆಯ ಮೇಲೆ ಮಲಗಿಸಲು ಬಂದರಂತೆ. ಆ ಮೇಲೆ ಧೂಳು ಒರೆಸುವ ಕೆಲಸದಿಂದ ನನಗೆ ಬಿಡುಗಡೆಯಾಯಿತು.

ಕನ್ನಡಕದ ಮೇಲೆ ಅತ್ತಿಗೆಗೆ ಅಷ್ಟು ಹಗೆ ಯಾಕೆ ಎಂಬುದು ನನಗೆ ಹೆಂಡತಿಯ ಮೂಲಕ ತಿಳಿದದ್ದು. ಆಗ ಅಣ್ಣನ ರಿಪೇರಿ ಮೇಜು ಬೇರೆ ಕಡೆ, ಒಂದು ಮೆಟ್ಟಿಲ ಕೆಳಗಿನ ಗೂಡಿನಲ್ಲಿತ್ತು. ಅತ್ತಿಗೆ ಹೊಸ ಕನ್ನಡಕ ಕೊಂಡು, ಕಣ್ಣಿಗೆ ಕಾಡಿಗೆ ತೀಡಿ, ಅದರ ಮೇಲೆ ಕನ್ನಡಕ ಏರಿಸಿಕೊಂಡು, ಅಣ್ಣನಿಗೆ ತೋರಿಸಲೆಂದು ಅಷ್ಟು ದೂರ ನಡೆದು ಹೋಗಿದ್ದರಂತೆ. ಅಣ್ಣ ತಲೆಯೆತ್ತಿ ನೋಡಿ, "ಯಾರು ಬೇಕಿತ್ತು?" ಎಂದನಂತೆ.

ಮದುವೆಯಾಗಿ ಮೂರು ವರ್ಷವಾಗಿತ್ತು. ಅತ್ತಿಗೆ ತಿರುಗಿ ಬಂದು ಕನ್ನಡಿ ನೋಡಿಕೊಂಡರು. ದಪ್ಪ ಗಾಜಿನ ಹಿಂದೆ ಕಣ್ಣುಗಳು ಎರಡು ಮೆಣಸಿನ ಕಾಳಾಗಿದ್ದವು. ಕಟ್ಟಿಕೊಂಡ ಗಂಡನೇ ಗುರುತು ಹಿಡಿಯದ ಮುಖ ಇದು ಎಂದುಕೊಂಡು ಕನ್ನಡಕ ತೆಗೆದಿಟ್ಟವರು ಮತ್ತೆ ಮುಟ್ಟಲಿಲ್ಲ. ಅಣ್ಣನೊಂದಿಗೆ ಈ ಮಾತು ಎತ್ತಲೂ ಇಲ್ಲ. ಅತ್ತಿಗೆಗೆ ಸಿಟ್ಟು ಬಂದರೆ ಪಾತ್ರೆಗಳು ಸದ್ದು ಮಾಡುತ್ತವೆ. ನೋವಾದರೆ ಮಾತ್ರ ಮನೆ ನಿಶ್ಶಬ್ದವಾಗಿರುತ್ತದೆ. ಅಣ್ಣನಿಗೆ ನಿಶ್ಶಬ್ದವೆಂದರೆ ಪ್ರಾಣ, ಗಡಿಯಾರದ ಟಿಕ್ ಟಿಕ್ ಚೆನ್ನಾಗಿ ಕೇಳುತ್ತದೆಂದು.

ಹೀಗೆ ಎಲ್ಲವೂ ಸುಖವಾಗಿ ನಡೆದಿತ್ತು, ಹೆಡ್ಮಿಸ್ ಬರುವವರೆಗೆ.

ನಮ್ಮ ಬೀದಿಯ ತುದಿಯ ಹುಡುಗಿಯರ ಶಾಲೆಯ ಮುಖ್ಯೋಪಾಧ್ಯಾಯಿನಿ ಅವರು. ನಿವೃತ್ತಿಗೆ ಒಂದು ತಿಂಗಳಿತ್ತು. ಆ ಶಾಲೆಯ ಸಭಾಂಗಣದಲ್ಲಿ ಹಿಂದಿನ ಮುಖ್ಯೋಪಾಧ್ಯಾಯಿನಿಯರ ಫೋಟೋಗಳನ್ನು ಸಾಲಾಗಿ ತೂಗುಹಾಕಿದ್ದಾರೆ, ಇವರದ್ದು ಒಂಬತ್ತನೆಯದು. ಜೀವನದಲ್ಲಿ ಒಮ್ಮೆಯೂ ಪೌಡರಿಗಿಂತ ಮುಂದೆ ಹೋಗದ ಆ ಹೆಂಗಸು ಸಂಕೋಚದಿಂದ ಕುರ್ಚಿಯಲ್ಲಿ ಕೂತು ಹೇಳಿದರು:

"ನೋಡಮ್ಮಾ, ಉಳಿದ ಎಂಟು ಜನಾನೂ ಗೋಡೆ ಮೇಲಿಂದ ನಮ್ಮನ್ನ ಬೈಯೋ ಹಾಗೆ ನೋಡ್ತಾರೆ. ನಾನು ಸ್ವಲ್ಪ ನಗೋ ಹಾಗೆ ಕಾಣಬೇಕು, ಅಷ್ಟೇ."

"ನನಗೆ ಬಿಡಿ ಮೇಡಂ," ಎಂದರು ಅತ್ತಿಗೆ. "ಕನ್ನಡಕ ತೆಗೀರಿ."

ಹೆಡ್ಮಿಸ್ಸಿನದು ಪ್ಲಸ್ ಐದು, ಅಗಲದ ಕಂದು ಫ್ರೇಮು. ತೆಗೆದು ಮಡಿಲಲ್ಲಿಟ್ಟುಕೊಂಡರು. ಅತ್ತಿಗೆ ಬಾಗಿ, ಇಪ್ಪತ್ತೆರಡು ವರ್ಷದ ಅನುಭವವನ್ನೆಲ್ಲ ಆ ಕಣ್ಣುಗಳ ಮೇಲೆ ಸುರಿದರು. ದಟ್ಟ ಕಪ್ಪು ಗೆರೆ, ರೆಪ್ಪೆಗೆ ಎರಡು ಸಲ ಮಸ್ಕಾರ, ಮೇಲೆ ಮಿನುಗುವ ಪುಡಿ. ಮುಗಿದ ಮೇಲೆ ಕನ್ನಡಿ ಹಿಡಿದರು. ಕನ್ನಡಕವಿಲ್ಲದ ಹೆಡ್ಮಿಸ್ ಮಂಜು ಮಂಜಾದ ಒಂದು ಹೆಂಗಸನ್ನು ನೋಡಿ, "ಪರವಾಗಿಲ್ಲ, ವಯಸ್ಸು ಕಡಿಮೆ ಕಾಣತ್ತೆ" ಎಂದರು. ಕನ್ನಡಕವಿಲ್ಲದ ಅತ್ತಿಗೆ ಹಿಂದಕ್ಕೆ ವಾಲಿ ಅದೇ ಮಂಜನ್ನು ನೋಡಿ, "ಗೊಂಬೆ, ಗೊಂಬೆ!" ಎಂದರು. ಇಬ್ಬರ ಅಭಿಪ್ರಾಯವೂ ಒಂದೇ ಆದದ್ದರಿಂದ ನಾನು ಸಾಮಾನು ಪೊಟ್ಟಣ ಕಟ್ಟಿದೆ.

ಹೆಡ್ಮಿಸ್ ಸ್ಟುಡಿಯೋಗೆ ಹೋಗಿ, ಕನ್ನಡಕ ಹಾಕಿಕೊಂಡು, ಫೋಟೋ ತೆಗೆಸಿಕೊಂಡರು.

ಭಾನುವಾರ ಬೆಳಿಗ್ಗೆ ಅದನ್ನು ಹಿಡಿದುಕೊಂಡೇ ಬಂದರು. ಚೌಕಟ್ಟು ಸಮೇತ, ಎರಡೂ ಕೈಯಲ್ಲಿ. ಕಪಾಟಿನ ಮೇಲಿಟ್ಟು ಕಾಗದ ಬಿಚ್ಚಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಆ ಗಾಜು ಕಣ್ಣುಗಳನ್ನು ಎರಡರಷ್ಟು ಹಿಗ್ಗಿಸಿ ತೋರಿಸಿತ್ತು. ಕಣ್ಣಿನ ಜೊತೆಗೆ ಕಪ್ಪನ್ನೂ, ಮಿನುಗನ್ನೂ, ಮಸ್ಕಾರದ ಒಂದೊಂದು ಗಂಟನ್ನೂ. ರೆಪ್ಪೆಗಳು ಗಾಜಿಗೆ ತಾಗಿ ಒಳಗಡೆ ಕಂಬಳಿಹುಳು ಹರಿದಂತೆ ಗುರುತು ಮಾಡಿದ್ದವು. ಮೂಗಿನ ಮೇಲೆ ಕನ್ನಡಕ ಕೂರುವ ಕಡೆ ಬಣ್ಣ ಕಿತ್ತು ಎರಡು ಬಿಳಿ ತೂತು.

"ಇದನ್ನ ಗೋಡೆಗೆ ಹಾಕಿದ್ರೆ ಮಕ್ಕಳು ಸಭೆಗೆ ಬರಲ್ಲಪ್ಪಾ," ಎಂದರು ಹೆಡ್ಮಿಸ್. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಮೂವತ್ತಾರು ವರ್ಷ ಕೆಲಸ ಮಾಡಿದೀನಿ. ಜವಾನ ಇದನ್ನ ನೋಡಿ ನಗು ತಡೆಯಕ್ಕಾಗದೆ ಗಂಟೆ ಹೊಡೆಯೋಕೆ ಓಡಿದ. ಇನ್ನೂ ಗಂಟೆ ಹೊಡೆಯೋ ಹೊತ್ತೇ ಆಗಿರಲಿಲ್ಲ."

ಅತ್ತಿಗೆ ಫೋಟೋವನ್ನು ಮೂಗಿನ ಹತ್ತಿರ ತಂದು ಒಂದು ಕಣ್ಣು ನೋಡಿದರು, ಇನ್ನೊಂದು ಕಣ್ಣು ನೋಡಿದರು, ಬಾಯಿ ನೋಡಿದರು. "ಗೆರೆ ನೇರವಾಗೇ ಇದೆಯಲ್ಲ ಮೇಡಂ?" ಎಂದರು.

ನಾನು ನಡುವೆ ಬಾಯಿ ಹಾಕಿದೆ. ಆ ಶಾಲೆಯಲ್ಲಿ ಇಪ್ಪತ್ತೆಂಟು ಟೀಚರುಗಳು, ಎಲ್ಲರೂ ನಮ್ಮ ಗಿರಾಕಿಗಳು, ಮುಕ್ಕಾಲು ಪಾಲು ಕನ್ನಡಕದವರು. "ಬರೋ ಶನಿವಾರ ಇನ್ನೊಂದು ಸಲ ಬನ್ನಿ ಮೇಡಂ. ಮುಖ ನಮ್ಮದು, ಫೋಟೋನೂ ನಮ್ಮದು," ಎಂದೆ. ಮುಖ ಅವರದೇ ಎಂದು ಹೆಡ್ಮಿಸ್ ತಿದ್ದಿ ಹೊರಟುಹೋದರು.

ಆಮೇಲೆ ನಾನು ಆಡಿದ ಮಾತು ಕಟುವಾಗಿತ್ತು, ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ಬೆನ್ನ ಹಿಂದೆ ಹೆಂಡತಿ ಇದ್ದಳು, ಹೆಂಡತಿಯ ಹಿಂದೆ ಅವಳ ತಂಗಿ. ನನ್ನ ಆ ನಾದಿನಿ ಮೂರು ತಿಂಗಳ ಮೇಕಪ್ ಕೋರ್ಸು ಮುಗಿಸಿ, ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹಾಕಿಸಿ, ಆ ಸ್ಟೂಲು ಯಾವಾಗ ಖಾಲಿಯಾಗುತ್ತದೆ ಎಂದು ಕಾಯುತ್ತಿದ್ದಳು.

"ಅತ್ತಿಗೇ, ಶನಿವಾರನೂ ಹೀಗೇ ಆದ್ರೆ ಸ್ಟೂಲು ಅವಳಿಗೆ. ನೀವು ಹಿಂದುಗಡೆ ನೋಡ್ಕೊಳಿ."

ಹಿಂದುಗಡೆ ಎಂದರೆ ಕೂದಲ ಪಿನ್ನು, ಬಾಚಣಿಗೆ, ಸೂಜಿಯ ವಿಭಾಗ. ಅಲ್ಲಿ ಟ್ಯೂಬ್‌ಲೈಟು ಕೂಡ ಮನಸ್ಸಿದ್ದರೆ ಮಾತ್ರ ಉರಿಯುತ್ತದೆ. ಅಲ್ಲಿ ಯಾರೂ ಗಲ್ಲ ಚಾಚುವುದಿಲ್ಲ.

ಅತ್ತಿಗೆಯ ಮುಖ ಸಣ್ಣದಾಯಿತು. "ಮನೇಲಿ ಯಾರು ನನ್ನ ಮಾತು ಕೇಳ್ತಾರೆ ಹೇಳು? ನಿಮ್ಮಣ್ಣನಿಗೆ ಗಡಿಯಾರ ಮಾತಾಡಿದ್ರೆ ಸಾಕು. ಇಲ್ಲಿ ಕೂತ್ರೆ ದೊಡ್ಡ ದೊಡ್ಡ ಹೆಂಗಸರು ಬಂದು, 'ಅತ್ತಿಗೆ, ಏನು ಹಚ್ಚಲಿ?' ಅಂತ ಕೇಳ್ತಾರೆ. ಅದನ್ನೂ ಕಿತ್ಕೊಳ್ತೀಯಾ?"

ನಾನು ವ್ಯಾಪಾರಿ. ಪೆನ್ನು ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದೆ.

ಸೋಮವಾರ ಅತ್ತಿಗೆ ರಸ್ತೆ ದಾಟಿ ಕನ್ನಡಕದಂಗಡಿಗೆ ಹೋದರು. ಇಪ್ಪತ್ತೆರಡು ವರ್ಷ ಕಾದಿದ್ದ ಆತ ಎದ್ದು ನಿಂತು ಕುರ್ಚಿ ಒರೆಸಿದ. ಒಂದು ತಾಸು ಕೂರಿಸಿಕೊಂಡು, ಬರಿ ಗಾಜುಗಳನ್ನು ಕೈಗೆ ಕೊಟ್ಟು, ಪುಸ್ತಕದ ಮೇಲೆ ಹಿಡಿದು ನೋಡಲು ಹೇಳಿದ.

"ಅತ್ತಿಗೇ, ಇದು ನಿಮ್ಮ ಜಾತಿ ಗಾಜು, ಮೈನಸ್ಸು. ಅಕ್ಷರ ಸಣ್ಣದಾಯ್ತಾ? ಹಿಂದಿರೋ ಕಣ್ಣೂ ಹಾಗೇ ಸಣ್ಣ ಕಾಣತ್ತೆ. ಇದು ಹೆಡ್ಮಿಸ್ ಜಾತಿ, ಪ್ಲಸ್ಸು. ಇದು ಸಾಸಿವೆ ಕೊಟ್ರೆ ಗೋಲಿ ಮಾಡಿ ತೋರಿಸತ್ತೆ. ನೀವು ಇಬ್ಬರಿಗೂ ಒಂದೇ ಗೆರೆ ಎಳೆದ್ರೆ ಹೇಗೆ?"

"ಇದನ್ನ ನೀವು ಮೊದಲೇ ಹೇಳಬಾರದಿತ್ತಾ?"

"ನೀವು ಒಂದು ದಿನವಾದ್ರೂ ಒಳಗೆ ಬಂದಿದ್ರೆ ತಾನೇ?"

ಅತ್ತಿಗೆ ಹೊಸ ಕನ್ನಡಕಕ್ಕೆ ಅಳತೆ ಕೊಟ್ಟರು. ಮಂಗಳವಾರ ಮಧ್ಯಾಹ್ನ ಅದನ್ನು ಹಾಕಿಕೊಂಡು ರಸ್ತೆ ದಾಟುವುದನ್ನು ನಾನು ಕೂತಲ್ಲಿಂದಲೇ ನೋಡಿದೆ. ನಡುರಸ್ತೆಯಲ್ಲಿ ನಿಂತು ನಮ್ಮ ಅಂಗಡಿಯ ಬೋರ್ಡನ್ನು ಓದುತ್ತಿದ್ದರು. ಸ್ಕೂಟರಿನವನು ಹಾರ್ನ್ ಹೊಡೆದರೆ ಅವನ ಮುಖವನ್ನೂ ಕೂಲಂಕಷವಾಗಿ ನೋಡಿದರು. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತರು, ಅಣ್ಣನ ಮೇಜಿನ ಮುಂದೆ, ಕನ್ನಡಕ ಸರಿ ಮಾಡಿಕೊಂಡು.

ಅಣ್ಣ ತಲೆಯೆತ್ತಿದ. "ಯಾರು ಬೇಕಿತ್ತು?" ಎಂದ.

ಅಂಗಡಿಯಲ್ಲಿ ಏಳು ಗೋಡೆ ಗಡಿಯಾರಗಳಿವೆ, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತವೆ. ಆ ಕ್ಷಣ ಏಳೂ ನಿಂತಂತಾಯಿತು. ಅತ್ತಿಗೆ ಕನ್ನಡಕ ತೆಗೆಯಲು ಕೈ ಎತ್ತಿದರು. ನಾನು ಹೆಂಡತಿ ಹೇಳಿದ ಹಳೆಯ ಕತೆ ನೆನೆದು ಅಣ್ಣನ ಮುಖ ನೋಡಿದೆ. ಬಲಗಣ್ಣಿಗೆ ಕರಿ ಡಬ್ಬಿ; ಎಡಗಣ್ಣು, ಕೆಲಸದ ಹೊತ್ತಿನ ವಾಡಿಕೆಯಂತೆ, ಗಟ್ಟಿಯಾಗಿ ಮುಚ್ಚಿತ್ತು.

"ಅಣ್ಣಾ, ಮೊದಲು ಡಬ್ಬಿ ತೆಗಿ ಮಾರಾಯ!" ಎಂದು ಕೂಗಿದೆ.

ಅಣ್ಣ ಡಬ್ಬಿ ತೆಗೆದು ಎರಡೂ ಕಣ್ಣು ಪಿಳಿಪಿಳಿ ಮಾಡಿದ. "ಓ, ನೀನಾ? ಕನ್ನಡಕ ಯಾವಾಗ ತಗೊಂಡೆ? ಚೆನ್ನಾಗಿದೆಯಲ್ಲ!"

ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದರು. "ಆ ಮೆಟ್ಟಿಲ ಕೆಳಗಿನ ಗೂಡಲ್ಲಿ ಇದ್ದಾಗಲೂ ಇದೇ ಕೇಳಿದ್ರಿ. ಯಾರು ಬೇಕಿತ್ತು ಅಂತ. ನನ್ನನ್ನ."

"ಆಗಲೂ ಡಬ್ಬಿ ಇತ್ತೇನೋ. ಡಬ್ಬಿ ಇದ್ದಾಗ ನನಗೆ ಎಲ್ಲರೂ ಒಂದೇ ಕಣೇ. ನಮ್ಮಮ್ಮ ಬಂದಾಗಲೂ ಹಾಗೇ ಕೇಳಿದ್ದೆ. ಬೆನ್ನಿಗೆ ಗುದ್ದಿದ್ಳು."

"ನಾನೂ ಗುದ್ದಬೇಕಿತ್ತು!" ಎಂದರು ಅತ್ತಿಗೆ. "ಇಪ್ಪತ್ತೆರಡು ವರ್ಷ ಸುಮ್ಮನೆ ಕುರುಡಿಯಾಗಿ ಬಾಳಿದೆನಲ್ಲ!" ಆ ದಿನ ಮನೆಯಲ್ಲಿ ಪಾತ್ರೆಗಳು ಬಹಳ ಸದ್ದು ಮಾಡಿದವು. ಅಣ್ಣನಿಗೆ ಗಡಿಯಾರದ ಟಿಕ್ ಟಿಕ್ ಕೇಳಲಿಲ್ಲ, ಆದರೂ ಯಾಕೋ ಗೆಲುವಾಗಿಯೇ ಇದ್ದ.

ಬುಧವಾರದಿಂದ ಅತ್ತಿಗೆ ಬೇರೆಯವರೇ ಆದರು. ಬಾಗಿಲಲ್ಲಿ ನಿಂತು ಬೀದಿಯಲ್ಲಿ ಹೋಗುವ ಕನ್ನಡಕದ ಹೆಂಗಸರನ್ನೆಲ್ಲ ಪರೀಕ್ಷೆ ಮಾಡಿದರು. ಫ್ರೇಮಿನ ಮೇಲಂಚು ಹುಬ್ಬನ್ನು ಅರ್ಧಕ್ಕೆ ಕತ್ತರಿಸಿದವರು, ಫ್ರೇಮಿನ ನೆರಳು ಕಣ್ಣಿನ ಕೆಳಗೆ ಬಿದ್ದು ನಾಲ್ಕು ರಾತ್ರಿ ನಿದ್ದೆಗೆಟ್ಟಂತೆ ಕಾಣುವವರು, ಕೆನ್ನೆಯ ಕೆಂಪನ್ನು ಗಾಜಿನ ಹಿಂದೆಯೇ ಹಚ್ಚಿಕೊಂಡು ಯಾರೋ ಹೊಡೆದಂತೆ ಕಾಣುವವರು. "ಇಷ್ಟು ಜನ ಹೀಗೆ ತಿರುಗಾಡ್ತಿದ್ರಾ? ಯಾರೂ ಹೇಳಲಿಲ್ವಾ?" ಎಂದು ಗಾಬರಿಯಾದರು. ಅದರಲ್ಲಿ ಅರ್ಧ ಜನಕ್ಕೆ ಹಚ್ಚಿ ಕಳಿಸಿದವರು ಅವರೇ ಎಂದು ನಾನು ಹೇಳಲು ಹೋಗಲಿಲ್ಲ.

ಪ್ರಯೋಗಕ್ಕೆ ಒಂದು ಮುಖ ಬೇಕಾಗಿತ್ತು. ನನ್ನ ಹೆಂಡತಿ ತಂಗಿಯ ಪಕ್ಷ. ಅಣ್ಣನ ಮುಖಕ್ಕೆ ಡಬ್ಬಿ ಅಡ್ಡ. "ನೀನೇ ಅಲ್ವಾ ಶನಿವಾರದ ಗಡುವು ಕೊಟ್ಟೋನು? ಕೂತ್ಕೋ," ಎಂದರು ಅತ್ತಿಗೆ. ಕನ್ನಡಕದಂಗಡಿಯಿಂದ ತಂದ ಪ್ಲಸ್ ಐದರ ಹಳೆಯ ಕನ್ನಡಕವನ್ನು ನನ್ನ ಮೂಗಿಗೇರಿಸಿದರು. ನನಗೆ ಇಡೀ ಅಂಗಡಿ ಹಿಗ್ಗಿ ತೇಲತೊಡಗಿತು, ಗಾತ್ರದಲ್ಲಿ ನನ್ನ ವ್ಯಾಪಾರ ಎಂದೂ ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ.

ಬಲಗಣ್ಣಿಗೆ ಕಪ್ಪು, ಎಡಗಣ್ಣಿಗೆ ಕಂದು. ಬಲಕ್ಕೆ ಮಿನುಗು, ಎಡಕ್ಕೆ ಮಿನುಗಿಲ್ಲದ ಪುಡಿ. ಕನ್ನಡಕ ತೆಗೆ, ಗೆರೆ ಎಳೆ, ಕನ್ನಡಕ ಹಾಕು, ದೂರ ನಿಂತು ನೋಡು, ಮತ್ತೆ ತೆಗೆ. ಅಷ್ಟರಲ್ಲಿ ಲಿಪ್‌ಸ್ಟಿಕ್ ಕಂಪನಿಯ ಏಜೆಂಟ್ ಒಳಗೆ ಬಂದ. ನಾನು ಮರೆತು, ವ್ಯಾಪಾರದ ಗತ್ತಿನಲ್ಲಿ, "ಬನ್ನಿ, ಹೊಸದೇನಿದೆ?" ಎಂದೆ. ಅವನೂ ವ್ಯಾಪಾರಿಯೇ. ಆರ್ಡರ್ ಬರೆದುಕೊಂಡು ಮುಗಿಯುವವರೆಗೂ ನನ್ನ ಎರಡು ಬಣ್ಣದ ಕಣ್ಣುಗಳನ್ನು ಗಂಭೀರವಾಗಿ ನೋಡುತ್ತಲೇ ಇದ್ದ. ಮೆಟ್ಟಿಲಿಳಿದು, ಮೂರನೆಯ ಅಂಗಡಿ ದಾಟಿದ ಮೇಲೆ ಅವನ ನಗು ಕೇಳಿಸಿತು. ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ತಡೆದು, "ಎಡಗಡೇದು ಚೆನ್ನಾಗಿದೆ" ಎಂದಳು. ಅವಳ ಬಾಯಿಂದ ಅತ್ತಿಗೆಯ ಕೆಲಸಕ್ಕೆ ಬಂದ ಮೊದಲ ಮೆಚ್ಚುಗೆ ಅದು.

ಹೀಗೆ ಪ್ಲಸ್ಸಿಗೆ ಏನು ಒಪ್ಪುತ್ತದೆಂದು ನನ್ನ ಖರ್ಚಿನಲ್ಲಿ ಗೊತ್ತಾಯಿತು. ಗೆರೆ ತೆಳುವಾಗಿರಬೇಕು, ಅಂಚು ತಿಕ್ಕಿ ಮೆತ್ತಗಾಗಿಸಬೇಕು, ಹೊಳಪು ಬೇಡ. ಆ ಗಾಜು ಯಾವುದನ್ನೂ ಮುಚ್ಚಿಡುವುದಿಲ್ಲ. ಮೈನಸ್ಸಿಗೆ ಎಲ್ಲ ತಿರುವುಮುರುವು ಎಂಬುದನ್ನು ಅತ್ತಿಗೆ ತಮ್ಮ ಮುಖದ ಮೇಲೆಯೇ ಕಲಿತರು: ರೆಪ್ಪೆಯ ಮೇಲೆ ತಿಳಿ ಬಣ್ಣ, ಗೆರೆ ಮೂಗಿನ ಕಡೆ ಸಣ್ಣ, ಹೊರಗಡೆ ದಪ್ಪ, ಕೆಳಗಣ್ಣಿನ ಒಳಂಚಿಗೆ ಕಪ್ಪಿನ ಬದಲು ಚರ್ಮದ ಬಣ್ಣದ ಪೆನ್ಸಿಲ್. ಮೆಣಸಿನ ಕಾಳುಗಳು ಬಾದಾಮಿಯಾದವು. ಇನ್ನು ರೆಪ್ಪೆಗೂದಲು, ಯಾವ ಗಾಜಿಗಾದರೂ ಸರಿ, ಉದ್ದ ಮಾಡಬಾರದು, ಮೇಲಕ್ಕೆ ಬಗ್ಗಿಸಬೇಕು.

ಆದರೆ ಒಂದು ತೊಡಕು ಉಳಿಯಿತು. ಗಳಿಗೆಗೊಮ್ಮೆ ಕನ್ನಡಕ ತೆಗೆದು ಹಾಕಿದರೆ ಮೂಗಿನ ಮೇಲಿನ ಬಣ್ಣವೆಲ್ಲ ಕಿತ್ತು ಬರುತ್ತದೆ. ತೆಗೆದರೆ ಹೆಡ್ಮಿಸ್ಸಿಗೆ ಕಾಣುವುದಿಲ್ಲ. ತೆಗೆಯದಿದ್ದರೆ ಅತ್ತಿಗೆಗೆ ಕಣ್ಣು ಸಿಗುವುದಿಲ್ಲ. ಗುರುವಾರ ಸಂಜೆ ಅತ್ತಿಗೆ ಆ ಪ್ಲಸ್ ಐದರ ಹಳೆಯ ಕನ್ನಡಕವನ್ನು ಅಣ್ಣನ ಮೇಜಿನ ಮೇಲೆ ಕುಕ್ಕಿದರು.

"ಇದರ ಗಾಜು ಕಿಟಕಿ ಬಾಗಿಲ ಹಾಗೆ ತೆರೀಬೇಕು. ಒಂದೊಂದೇ. ಆಗತ್ತಾ?"

ಅಣ್ಣ ಡಬ್ಬಿ ಸಿಕ್ಕಿಸಿಕೊಂಡ. ಮೇಜಿನ ಗಡಿಯಾರವೊಂದರ ಹಿಂಬಾಗಿಲಿಗೆ ಇದ್ದ ಅಕ್ಕಿಕಾಳಿನಷ್ಟು ಸಣ್ಣ ಕೀಲುಗಳನ್ನು ಬಿಚ್ಚಿ, ಶುಕ್ರವಾರ ಸಂಜೆಯ ಹೊತ್ತಿಗೆ ಗಾಜುಗಳಿಗೆ ಕೂರಿಸಿದ. ಈಗ ಬಲಗಾಜನ್ನು ಮೇಲೆತ್ತಿ ಬಲಗಣ್ಣಿಗೆ ಹಚ್ಚಬಹುದು, ಆ ಹೊತ್ತಿಗೆ ಎಡಗಾಜಿನಿಂದ ಕನ್ನಡಿ ನೋಡಬಹುದು. ಆ ಗಡಿಯಾರದ ಮಾಲೀಕರು ಈಗಲೂ ಬಂದು ಕೇಳುತ್ತಾರೆ. ಬಿಡಿಭಾಗ ಬರಬೇಕು ಎನ್ನುತ್ತಿದ್ದೇನೆ.

ಶನಿವಾರ ಹತ್ತು ಗಂಟೆಗೆ ಹೆಡ್ಮಿಸ್ ಬಂದರು. ನಾದಿನಿಯೂ ಬಂದಳು, ಸರ್ಟಿಫಿಕೇಟ್ ಸಮೇತ, ಸುಮ್ಮನೆ ನೋಡಿಕೊಂಡು ಹೋಗಲು ಎಂದು. ಸ್ಟೂಲಿಗೆ ಕೈ ಊರಿಕೊಂಡು ನಿಂತಳು.

ಅತ್ತಿಗೆ ಮೂಗಿನ ಮೇಲೆ ತೆಳ್ಳಗೆ ಬಣ್ಣ ಒತ್ತಿ, ಅದರ ಮೇಲೆ ಪುಡಿ ಒತ್ತಿ, ಟಿಶ್ಯೂ ಕಾಗದದಿಂದ ಇನ್ನೊಮ್ಮೆ ಒತ್ತಿ, ಕಿಟಕಿ ಕನ್ನಡಕವನ್ನು ಹೆಡ್ಮಿಸ್ಸಿಗೆ ಹಾಕಿದರು. ಬಲಗಾಜು ಮೇಲೆ ಹೋಯಿತು. ಅಲ್ಲಿಂದ ನಮ್ಮ ಕಷ್ಟ ಶುರುವಾಯಿತು. ನಮ್ಮ ಅಂಗಡಿಯ ಕುರ್ಚಿಯಲ್ಲಿ ಅಂಥ ಕನ್ನಡಕದವರೊಬ್ಬರು ತಮ್ಮ ಮುಖಕ್ಕೆ ಏನಾಗುತ್ತಿದೆ ಎಂದು ಕಣ್ಣಾರೆ ನೋಡಿದ್ದು ಅದೇ ಮೊದಲು, ಅದೂ ಮೂವತ್ತಾರು ವರ್ಷ ಉತ್ತರಪತ್ರಿಕೆ ತಿದ್ದಿದವರು.

"ಅಲ್ಲಿ ಜಾಸ್ತಿಯಾಯ್ತು."

"ತಿಕ್ಕಿದ್ರೆ ಸರಿಹೋಗತ್ತೆ ಮೇಡಂ."

"ಎಡಗಡೆಗೂ ಬಲಗಡೆಗೂ ವ್ಯತ್ಯಾಸ ಇದೆ."

"ಎಡಗಡೆ ಇನ್ನೂ ಹಚ್ಚೇ ಇಲ್ಲ ಮೇಡಂ."

"ಹಾಗಾದ್ರೆ ಮುಂದುವರಿಸು."

ಅತ್ತಿಗೆ ಸೆರಗಿನಿಂದ ಹಣೆ ಒರೆಸಿಕೊಂಡರು. ನಾದಿನಿ ಸ್ಟೂಲನ್ನು ಒಂದು ಅಂಗುಲ ತನ್ನ ಕಡೆಗೆ ಎಳೆದುಕೊಂಡಳು. ಕಂದು ಗೆರೆ, ಒಂದೇ ಸಲ ಮಸ್ಕಾರ. ಫ್ರೇಮಿನ ನೆರಳು ಬೀಳುವ ಕಡೆ ತಿಳಿ ಬಣ್ಣ, ಕೆಂಪು ಗಾಜಿನಿಂದ ಕೆಳಗೆ ಕೆನ್ನೆಯ ಮೇಲೆ. ಕಂದು ಫ್ರೇಮು ಮುಖದ ಮೇಲ್ಭಾಗವನ್ನೆಲ್ಲ ಆಳುತ್ತಿದ್ದುದರಿಂದ ತುಟಿಗೆ ಧೈರ್ಯವಾಗಿ ಇಟ್ಟಿಗೆಗೆಂಪು. ಕೊನೆಗೆ ಕಿಟಕಿ ಕನ್ನಡಕ ತೆಗೆದು ಅವರದೇ ಕನ್ನಡಕವನ್ನು ಮೆಲ್ಲಗೆ ಕೂರಿಸಿದರು.

ಆಮೇಲೆ ಅತ್ತಿಗೆ ಎಂದೂ ಮಾಡದ ಕೆಲಸ ಮಾಡಿದರು. ಕಪಾಟಿನ ಹಿಂದಿನಿಂದ ಹೊರಗೆ ಬಂದು, ಬಾಗಿಲವರೆಗೆ ಹಿಂದು ಹಿಂದಕ್ಕೆ ನಡೆದು, ಅಣ್ಣನ ಮೇಜಿಗೆ ಬೆನ್ನು ತಾಗುವಂತೆ ನಿಂತು ನೋಡಿದರು. ಅಷ್ಟು ವರ್ಷ ಅವರು ಕಣ್ಣು ನೋಡಿದ್ದರು, ಹುಬ್ಬು ನೋಡಿದ್ದರು, ತುಟಿ ನೋಡಿದ್ದರು. ಮೂರೂ ಸೇರಿದ ಮುಖವನ್ನು ನೋಡಿರಲಿಲ್ಲ.

"ಎಡಹುಬ್ಬು," ಎಂದರು. ನಡೆದು ಹೋಗಿ, ಫ್ರೇಮಿನಂಚಿಗೆ ಅಂಟಿಕೊಂಡಿದ್ದ ನಾಲ್ಕು ಕೂದಲನ್ನು ಪುಟ್ಟ ಬ್ರಷ್ಷಿನಿಂದ ಮೇಲಕ್ಕೆ ಬಾಚಿ, ಮತ್ತೆ ಬಾಗಿಲಿಗೆ ಬಂದು ನಿಂತರು. ಈ ಸಲ ಬ್ರಷ್ಷನ್ನು ಅಣ್ಣನ ಮೇಜಿನ ಮೇಲಿಟ್ಟರು.

ಹೆಡ್ಮಿಸ್ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ನಾನು ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗನಂತೆ ಕೈ ಕಟ್ಟಿ ನಿಂತೆ.

"ಏನೂ ಹಚ್ಚಿದ ಹಾಗೇ ಇಲ್ವಲ್ಲ," ಎಂದರು ಕೊನೆಗೆ.

ನಾದಿನಿಯ ಕಣ್ಣು ಮಿಂಚಿತು. ಹೆಡ್ಮಿಸ್ ಕನ್ನಡಿಯನ್ನು ಇನ್ನಷ್ಟು ಹತ್ತಿರ ತಂದುಕೊಂಡರು.

"ಆದರೂ ನನ್ನ ಕಣ್ಣು ಹೀಗೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ನೋಡಮ್ಮಾ, ನಗ್ತಾ ಇದೀನಾ ನಾನು?"

"ಇಲ್ಲ ಮೇಡಂ. ಇನ್ನೇನು ನಗ್ತೀರಾ ಅನ್ನೋ ಹಾಗೆ ಇದೀರಾ."

ಆಗ ಹೆಡ್ಮಿಸ್ ನಿಜವಾಗಿಯೇ ನಕ್ಕರು. ಗಾಜಿಗೆ ರೆಪ್ಪೆ ತಾಗಲಿಲ್ಲ. ಮೂಗಿನ ಮೇಲಿನ ಬಣ್ಣ ಅಲ್ಲಾಡಲಿಲ್ಲ.

ಫೋಟೋ ಗೋಡೆ ಏರಿದೆ. ನಾನು ಹೋಗಿ ನೋಡಿ ಬಂದೆ. ಎಂಟು ಜನ ಬೈಯುತ್ತಿದ್ದಾರೆ, ಒಂಬತ್ತನೆಯವರು ಮಾತ್ರ ಹುಡುಗಿಯರ ಚೇಷ್ಟೆಯನ್ನು ಕಂಡೂ ಕಾಣದಂತೆ ಬಿಟ್ಟವರ ಹಾಗಿದ್ದಾರೆ. ಮರುವಾರವೇ ಹನ್ನೊಂದು ಟೀಚರುಗಳು ಬಂದರು, ಹನ್ನೊಂದೂ ಕನ್ನಡಕ. ಸ್ಟೂಲು ಅತ್ತಿಗೆಯದೇ. ನಾದಿನಿ ಈಗ ಅದೇ ಸ್ಟೂಲಿನ ಪಕ್ಕ ನಿಂತು ಕಲಿಯುತ್ತಾಳೆ. ಕೋರ್ಸಿನಲ್ಲಿ ಕನ್ನಡಕದ ಪಾಠ ಇರಲಿಲ್ಲವಂತೆ. ಸರ್ಟಿಫಿಕೇಟು ಪಿನ್ನಿನ ವಿಭಾಗದ ಗೋಡೆಯ ಮೇಲೆ, ಆ ಟ್ಯೂಬ್‌ಲೈಟಿನ ಕೆಳಗೆ ಇದೆ.

ಇದರಲ್ಲಿ ನಷ್ಟವಾಗಿದ್ದರೆ ಅದು ನನಗೊಬ್ಬನಿಗೇ. ಅತ್ತಿಗೆಗೆ ಈಗ ಎಲ್ಲವೂ ಕಾಣುತ್ತದೆ. ಮೇಲಿನ ಶೆಲ್ಫಿನ ಜೇಡರ ಬಲೆ ಕಾಣುತ್ತದೆ. ಬಿಸಿಲಿಗೆ ಬಣ್ಣ ಮಾಸಿ, ನಾನು ಹೊಸ ಹೆಸರಿಟ್ಟು ಮಾರುತ್ತಿದ್ದ ಲಿಪ್‌ಸ್ಟಿಕ್ಕುಗಳು ಕಾಣುತ್ತವೆ. ಅವನ್ನೆಲ್ಲ ಒಂದು ಬುಟ್ಟಿಗೆ ಸುರಿದು ಹೊರಗೆ ಹಾಕಿಸಿದರು. "ನಿನ್ನ ಮೀಸೆ ಒಂದು ಕಡೆ ಕಪ್ಪು, ಒಂದು ಕಡೆ ನೇರಳೆ ಇದೆ. ಎಷ್ಟು ದಿನದಿಂದ ಹೀಗೆ?" ಎಂದು ಗಿರಾಕಿಗಳ ಮುಂದೆಯೇ ಕೇಳಿದರು. ಮಾತಾಡದೆ ನಿಂತರೆ ನನ್ನನ್ನು ಕೋಟು ಎಂದುಕೊಂಡು ಬಿಟ್ಟುಬಿಡುತ್ತಿದ್ದ ಕಾಲ ಹೋಯಿತು.

ದಿನಾ ಬೆಳಿಗ್ಗೆ ಅಣ್ಣ ಮೊದಲು ಬಂದು ಮೇಜಿನ ಮುಂದೆ ಕೂರುತ್ತಾನೆ. ಅರ್ಧ ಗಂಟೆಯ ಮೇಲೆ ಅತ್ತಿಗೆ ಬರುತ್ತಾರೆ, ಕಣ್ಣಿಗೆ ಗೆರೆ ಎಳೆದು, ಕನ್ನಡಕ ಹಾಕಿಕೊಂಡು. ಮೆಟ್ಟಿಲ ಸದ್ದಾದ ಕೂಡಲೇ ಅಣ್ಣ ತಲೆಯೆತ್ತಿ ಕೇಳುತ್ತಾನೆ:

"ಯಾರು ಬೇಕಿತ್ತು?"

"ಗಡಿಯಾರದವರು ಇದ್ದಾರಾ?" ಎನ್ನುತ್ತಾರೆ ಅತ್ತಿಗೆ, ಸ್ಟೂಲು ಹತ್ತುತ್ತ.

ಆ ಹೊತ್ತಿಗೆ ಕರಿ ಡಬ್ಬಿ ಮೇಜಿನ ಮೇಲೆ ಬಿದ್ದಿರುತ್ತದೆ. ನಾನು ನೋಡಿದ್ದೇನೆ. ಈಚೆಗೆ ಅತ್ತಿಗೆಯೂ ನೋಡುತ್ತಾರೆ.